ವಾರ್ಫರಿನ್ ಹೆಸರು ಮತ್ತು ಇಲಿ ಪಾಷಾಣ

ಹೃದಯದ ಕವಾಟ ಬದಲಿಸಿಕೊಂಡ ತಮ್ಮ ತಂದೆಯವರಿಗೆ ಕೊಟ್ಟಿರುವ ವಾರ್ಫರಿನ್ ಮಾತ್ರೆಯೂ ಅಡಿಕೆ ತೋಟದಲ್ಲಿ ಇಡುವ ಇಲಿ ಪಾಷಾಣವೂ ಒಂದೇ ಎಂದು ನೆಂಟರು ಹೆದರಿಸಿದ್ದಾರೆಂದೂ, ಆ ಹೆಸರಿಗೆ ವಿಷ ಎಂಬ ಅರ್ಥವಿದೆಯೇ ಎಂದೂ ತೀರ್ಥಹಳ್ಳಿಯ ಒಬ್ಬರು ಕೇಳಿದ್ದಾರೆ. ಅಂಥ ಅರ್ಥವೇನೂ ಇಲ್ಲ. ಆದರೆ ನೆಂಟರ ಮಾತು ಪೂರ್ತಿ ಸುಳ್ಳೂ ಅಲ್ಲ.

'ವಾರ್ಫ್' ಎಂಬುದು ವಿಸ್ಕಾನ್ಸಿನ್ ಅಲಮ್ನಿ ರಿಸರ್ಚ್ ಫೌಂಡೇಶನ್ ಎಂಬ ಅಮೆರಿಕದ ಸಂಸ್ಥೆಯ ಮೊದಲಕ್ಷರಗಳು. ಸಂಶೋಧನೆಗೆ ಹಣ ಒದಗಿಸಿದ್ದು ಅದೇ. 'ಅರಿನ್' ಎಂಬುದು ಕೂಮರಿನ್ ಎಂಬ ರಾಸಾಯನಿಕದ ಹೆಸರಿನ ಕೊನೆಯ ತುಂಡು.

ಈ ಕಥೆ ಶುರುವಾಗುವುದು ಕೊಟ್ಟಿಗೆಯಲ್ಲಿ. 1920ರ ದಶಕದಲ್ಲಿ ಕೆನಡಾದ ಮತ್ತು ಅಮೆರಿಕದ ಉತ್ತರ ಭಾಗದ ಬಯಲುಗಳಲ್ಲಿ ಕೊಂಬು ತೆಗೆದ ಅಥವಾ ಬೀಜ ಒಡೆದ ದನಗಳು ರಕ್ತ ನಿಲ್ಲದೆ ಸಾಯತೊಡಗಿದವು. ಅವು ತಿಂದಿದ್ದು ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು ಎಂದು ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ಗುರುತಿಸಿದರು. ಆ ಮೇವಿನ ಕೂಮರಿನ್ ಬೂಷ್ಟಿನಿಂದ ಡೈಕೂಮರಾಲ್ ಆಗಿ ಮಾರ್ಪಟ್ಟು, ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಕೆಲಸವನ್ನು ತಡೆಯುತ್ತಿತ್ತು. ವಿಸ್ಕಾನ್ಸಿನ್‌ನ ಜೀವರಸಾಯನ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಅವರ ತಂಡ ಅದನ್ನು ಬೇರ್ಪಡಿಸಿ, ಅದಕ್ಕಿಂತ ಪ್ರಬಲವಾದ ಸಂಬಂಧಿ ಸಂಯುಕ್ತಗಳನ್ನು ರೂಪಿಸಿತು. ಅವುಗಳಲ್ಲಿ ಒಂದು ವಾರ್ಫರಿನ್. 1948ರಲ್ಲಿ ಅದು ಮಾರುಕಟ್ಟೆಗೆ ಬಂದದ್ದು ಇಲಿ ಕೊಲ್ಲಲೆಂದೇ. 1954ರಲ್ಲಿ ಮನುಷ್ಯರ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು. ಮರುವರ್ಷ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೂ ಇದನ್ನೇ ಕೊಟ್ಟರು.

ವ್ಯತ್ಯಾಸವಿರುವುದು ಪ್ರಮಾಣದಲ್ಲಿ. ಕೃತಕ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟದಷ್ಟೇ ಮಟ್ಟಿಗೆ, ದಿನಕ್ಕೆ ಕೆಲವೇ ಮಿಲಿಗ್ರಾಂ ಕೊಡುತ್ತಾರೆ. ಅದು ಹೆಚ್ಚೋ ಕಡಿಮೆಯೋ ಎಂದು ತಿಳಿಯಲು ಐಎನ್‌ಆರ್ ಎಂಬ ರಕ್ತಪರೀಕ್ಷೆಯಿದೆ. ಹೆದರಿ ಮಾತ್ರೆ ನಿಲ್ಲಿಸುವುದೇ ನಿಜವಾದ ಅಪಾಯ. ನುಗ್ಗೆ, ಪಾಲಕ್‌ನಂಥ ಸೊಪ್ಪುಗಳನ್ನು ಬಿಡಬೇಕಿಲ್ಲ, ಒಂದು ವಾರ ತುಂಬ ತಿಂದು ಮರುವಾರ ಏನೂ ತಿನ್ನದಿರುವ ಕ್ರಮ ಮಾತ್ರ ಬೇಡ. ನೋವಿನ ಮಾತ್ರೆಯನ್ನಾಗಲಿ ನಾಟಿ ಕಷಾಯವನ್ನಾಗಲಿ ವೈದ್ಯರನ್ನು ಕೇಳದೆ ಕೊಡಬೇಡಿ. ಮೂತ್ರ, ಮಲ ಅಥವಾ ವಸಡಿನಲ್ಲಿ ರಕ್ತ ಕಂಡರೆ, ತಲೆಗೆ ಪೆಟ್ಟು ಬಿದ್ದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ತೋಟಕ್ಕೆ ಈಗ ತರುವ ಬ್ರೋಮಾಡಿಯೊಲೋನ್ ಎಂಬ ಇಲಿ ಪಾಷಾಣ ಇದೇ ಕುಲದ್ದು, ದೇಹದಲ್ಲಿ ಬಹಳ ಹೆಚ್ಚು ಕಾಲ ಉಳಿಯುವಂಥದ್ದು. ಆದರೆ ಜಿಂಕ್ ಫಾಸ್ಫೈಡ್ ಹೊಟ್ಟೆಯಲ್ಲಿ ವಿಷಾನಿಲವಾಗುವ ಬೇರೆಯೇ ವಸ್ತು, ಬ್ರೋಮಾಡಿಯೊಲೋನ್‌ಗಿರುವಂತೆ ಅದಕ್ಕೆ ವಿಟಮಿನ್ ಕೆ ಮದ್ದಲ್ಲ. ಅಂಗಡಿಯಲ್ಲಿ ಎರಡಕ್ಕೂ ಇಲಿ ಪಾಷಾಣವೆಂದೇ ಹೇಳುವುದರಿಂದ, ನಾಯಿ ತಿಂದಿದೆಯೆಂದು ಅನುಮಾನ ಬಂದರೆ ಪೊಟ್ಟಣವನ್ನೂ ಪಶುವೈದ್ಯರ ಬಳಿಗೆ ಒಯ್ಯಿರಿ.