ಟುಲೂಸಿಗೆ ಹೊರಟವರಿಗೆ: ಮೊದಲು ಜನನ ಪತ್ರ, ಆಮೇಲೆ ಬೊಂಜೂರ್

ಸೆಪ್ಟೆಂಬರಿನಲ್ಲಿ ಹೆಂಡತಿ ಮತ್ತು ಆರು ವರ್ಷದ ಮಗಳೊಂದಿಗೆ ಫ್ರಾನ್ಸಿನ ಟುಲೂಸಿಗೆ ಬರುತ್ತಿದ್ದೀರಿ. ಫ್ರೆಂಚರು ಕಾಗದಪತ್ರದ ವಿಷಯದಲ್ಲಿ ಯಾಕಿಷ್ಟು ಹಟಮಾರಿಗಳು, ಮಗಳು ಕುಂಕುಮ ಇಟ್ಟುಕೊಂಡು ಶಾಲೆಗೆ ಹೋಗಬಹುದೇ, ಮುಷ್ಕರದ ಕಾಟ ನಿಜವೇ ಎಂದು ಕೇಳಿದ್ದೀರಿ. ಮೂರಕ್ಕೂ ಉತ್ತರ ಅವರ ಚರಿತ್ರೆಯಲ್ಲೇ ಸಿಗುತ್ತದೆ.

ಕಾಗದದಿಂದ ಶುರುಮಾಡೋಣ, ಏಕೆಂದರೆ ಅದನ್ನು ಊರು ಬಿಡುವ ಮುಂಚೆಯೇ ಸರಿಮಾಡಿಕೊಳ್ಳಬೇಕು. 1539ರಲ್ಲಿ ದೊರೆ ಮೊದಲನೇ ಫ್ರಾನ್ಸ್ವಾ ಹೊರಡಿಸಿದ ಶಾಸನ ಕೋರ್ಟಿನ ಬರವಣಿಗೆಯನ್ನು ಲ್ಯಾಟಿನ್ನಿನಿಂದ ಫ್ರೆಂಚಿಗೆ ತಂದಿತು; ಚರ್ಚುಗಳು ಬ್ಯಾಪ್ಟಿಸಂ ದಾಖಲೆ ಇಡಬೇಕೆಂದೂ ಹೇಳಿತು. 1792ರ ಸೆಪ್ಟೆಂಬರ್ 20ರಂದು ಕ್ರಾಂತಿಕಾರಿಗಳು ಆ ಲೆಕ್ಕವನ್ನು ಪಾದ್ರಿಗಳ ಕೈಯಿಂದ ಕಿತ್ತು ಪುರಸಭೆಗೆ ವಹಿಸಿದರು. 1794ರ ಕಾನೂನು ಇನ್ನೂ ಬಿಗಿ: ಜನನ ಪತ್ರದಲ್ಲಿರುವ ಹೆಸರು ಬಿಟ್ಟು ಬೇರೆ ಹೆಸರನ್ನು ಯಾರೂ ಇಟ್ಟುಕೊಳ್ಳುವಂತಿಲ್ಲ. ಆ ಕಾನೂನು ಇವತ್ತಿಗೂ ಜಾರಿಯಲ್ಲಿದೆ. ಹಾಗಾಗಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತೋರಿಸಿದರೆ ಇಲ್ಲಿ ಕೆಲಸ ಆಗುವುದಿಲ್ಲ. ಅವರಿಗೆ ಬೇಕಾದದ್ದು ತಂದೆ, ತಾಯಿ, ಹುಟ್ಟಿದ ಸ್ಥಳ ಮೂರೂ ಇರುವ ಜನನ ಪತ್ರ.

ನಮ್ಮವರು ಸಿಕ್ಕಿಬೀಳುವುದು ಮೂರು ಕಡೆ. ಒಂದು, ಹಳೆಯ ಜನನ ಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುವುದು, 'ಹೆಣ್ಣು' ಎಂದಷ್ಟೇ ಬರೆದಿರುವುದು. ಎರಡು, ಇನಿಷಿಯಲ್. ಒಂದು ಕಾಗದದಲ್ಲಿ 'ಕೆ. ಎಸ್.', ಇನ್ನೊಂದರಲ್ಲಿ ಅದನ್ನೇ ಬಿಡಿಸಿ ಬರೆದ ಊರು ಮತ್ತು ಅಪ್ಪನ ಹೆಸರು. ಇಲ್ಲಿನ ಗುಮಾಸ್ತನ ಕಣ್ಣಿಗೆ ಅವರು ಇಬ್ಬರು ಬೇರೆ ಬೇರೆ ಜನ. ಮೂರು, ಮದುವೆಯಾದ ಮೇಲೆ ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಸೇರಿಸಿಕೊಂಡ ಹೆಂಗಸರು. ಫ್ರೆಂಚ್ ಕಾನೂನಿನಲ್ಲಿ ಹೆಣ್ಣಿನ ಹುಟ್ಟು ಹೆಸರು ಸಾಯುವವರೆಗೂ ಅದೇ. ಗಂಡನ ಹೆಸರು ಬಳಕೆಗೆ ಮಾತ್ರ. ಅರ್ಜಿಯಲ್ಲಿ 'ನೋಂ ದ ನೆಸಾಂಸ್' (ಹುಟ್ಟು ಹೆಸರು) ಎಂದಿರುವ ಕಡೆ ನಿಮ್ಮಾಕೆ ತವರಿನಲ್ಲಿದ್ದಾಗಿನ ಹೆಸರನ್ನೇ ಬರೆಯಲಿ.

ಕ್ರಮವೂ ಮುಖ್ಯ. ಮೊದಲು ಜನನ ಪತ್ರದಲ್ಲಿ ಹೆಸರು ಸೇರಿಸಿ ಹೊಸ ಪ್ರತಿ ತೆಗೆಸಿ. ಆಮೇಲೆ ರಾಜ್ಯ ಸರ್ಕಾರದ ದೃಢೀಕರಣ, ನಂತರ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ (ಕಾಗದ ಅಸಲಿಯೆಂದು ಹೊರದೇಶಕ್ಕೆ ಸಾರುವ ಮುದ್ರೆ), ಕೊನೆಗೆ ಅನುವಾದ. ಅನುವಾದ ಮೊದಲು ಮಾಡಿಸಿದರೆ ಅಪೋಸ್ಟಿಲ್ ಮುದ್ರೆಯ ಅನುವಾದ ತಪ್ಪಿಹೋಗಿ ಮತ್ತೆ ದುಡ್ಡು ಕೊಡಬೇಕಾಗುತ್ತದೆ. ಅನುವಾದಕರು ಇಲ್ಲಿನ ಮೇಲ್ಮನವಿ ನ್ಯಾಯಾಲಯದ ಪಟ್ಟಿಯಲ್ಲಿರುವ, ಪ್ರಮಾಣವಚನ ಸ್ವೀಕರಿಸಿದವರೇ ಆಗಬೇಕು. ಮದುವೆ ಪತ್ರಕ್ಕೂ ಇದೇ ದಾರಿ. 'ಮೂರು ತಿಂಗಳೊಳಗಿನ ಪ್ರತಿ ತನ್ನಿ' ಎಂದರೆ ಬೇಜಾರಾಗಬೇಡಿ: ಫ್ರೆಂಚ್ ಜನನ ಪತ್ರದ ಅಂಚಿನಲ್ಲಿ ಮದುವೆ, ವಿಚ್ಛೇದನ, ಸಾವು ಎಲ್ಲವನ್ನೂ ಬರೆಯುತ್ತಾ ಹೋಗುತ್ತಾರೆ, ಹಾಗಾಗಿ ಹಳೆಯ ಪ್ರತಿಗೆ ಅಲ್ಲಿ ಬೆಲೆಯಿಲ್ಲ. ನಮ್ಮ ಪತ್ರದಲ್ಲಿ ಆ ಪದ್ಧತಿ ಇಲ್ಲವೆಂದು ವಿನಯವಾಗಿ ಹೇಳಬಹುದು, ಕೇಳಿಸಿಕೊಳ್ಳುವವರೂ ಇದ್ದಾರೆ.

ಇದೇ ಜನನ ಪತ್ರ ಕೊಟ್ಟರೆ ಸೆಕ್ಯೂರಿತೆ ಸೊಸಿಯಾಲ್‌ನ, ಅಂದರೆ 1945ರಲ್ಲಿ ಶುರುವಾದ ಸಾಮಾಜಿಕ ವಿಮೆಯ, 15 ಅಂಕಿಯ ಸಂಖ್ಯೆ ಸಿಗುತ್ತದೆ. ಗಂಡಸಿಗೆ 1, ಹೆಂಗಸಿಗೆ 2. ನಂತರ ಹುಟ್ಟಿದ ವರ್ಷ, ತಿಂಗಳು. ಆಮೇಲೆ ಹೊರದೇಶದಲ್ಲಿ ಹುಟ್ಟಿದವರಿಗೆ 99, ಭಾರತಕ್ಕೆ 223. ಸಂಖ್ಯೆ ತಿಳಿಸುವ ಪತ್ರ ಬಂದ ದಿನ ಈ ಅಂಕಿಗಳನ್ನು ಕೂತು ನೋಡಿ, ತಿಂಗಳು ತಪ್ಪಿದ್ದರೆ ಆಗಲೇ ತಿದ್ದಿಸಿ.

ಇನ್ನು ಕುಂಕುಮ. 1882ರಲ್ಲಿ ಶಾಲೆಯನ್ನು, 1905ರ ಡಿಸೆಂಬರ್ 9ರ ಕಾನೂನಿನಲ್ಲಿ ಸರ್ಕಾರವನ್ನು ಚರ್ಚಿನಿಂದ ಬೇರೆ ಮಾಡಿದರು. ಶತಮಾನಗಟ್ಟಲೆ ಪಾದ್ರಿಗಳ ಜೊತೆ ಗುದ್ದಾಡಿದವರು ಅವರು. ಸರ್ಕಾರ, ಶಾಲೆಗಳಿಂದ ಧರ್ಮವನ್ನು ದೂರವಿಡುವ ಅವರ 'ಲಾಯಿಸಿತೆ'ಯನ್ನು ನಮ್ಮ 'ಸರ್ವಧರ್ಮ ಸಮಭಾವ'ದ ಅರ್ಥದಲ್ಲಿ ತೆಗೆದುಕೊಂಡರೆ ಎಡವುತ್ತೀರಿ. 2004ರ ಕಾನೂನು ಸರ್ಕಾರಿ ಶಾಲೆಯಲ್ಲಿ ಎದ್ದು ಕಾಣುವ ಧಾರ್ಮಿಕ ಗುರುತನ್ನು ಮಕ್ಕಳಿಗೆ ನಿಷೇಧಿಸಿದೆ. ಬಟ್ಟೆಯೊಳಗೆ ಉಳಿಯುವ ಸಣ್ಣ ಪದಕಕ್ಕೆ ಅಡ್ಡಿಯಿಲ್ಲ. ಕುಂಕುಮದ ಹೆಸರು ಕಾನೂನಿನಲ್ಲಿ ಇಲ್ಲ. ಮೊದಲೇ ಮುಖ್ಯಶಿಕ್ಷಕರನ್ನು ಕೇಳುವುದು ಒಳ್ಳೆಯದು. ಈ ಕಾನೂನು ವಿದ್ಯಾರ್ಥಿಗಳಿಗೆ ಮಾತ್ರ, ಗೇಟಿನ ಹೊರಗೆ ಕಾಯುವ ನಿಮಗಲ್ಲ. ಅರ್ಜಿಯಲ್ಲಿ ಜಾತಿ, ಧರ್ಮದ ಕಾಲಂ ಇರುವುದಿಲ್ಲ. ಜನಗಣತಿಯಲ್ಲೇ 1872ರ ನಂತರ ಧರ್ಮ ಕೇಳಿಲ್ಲ. ತಮಾಷೆಯೆಂದರೆ ಇಂಥ ದೇಶದ 11 ಸರ್ಕಾರಿ ರಜೆಗಳಲ್ಲಿ 6 ಕ್ಯಾಥೊಲಿಕ್ ಹಬ್ಬಗಳು!

ದಾಖಲಾತಿ ಶಾಲೆಯಲ್ಲಲ್ಲ, ಪುರಸಭೆಯಲ್ಲಿ: ಜನನ ಪತ್ರ, ವಿಳಾಸದ ಪುರಾವೆ, ಲಸಿಕೆ ಪುಸ್ತಕ. 2018ರಿಂದ ಈಚೆಗೆ ಹುಟ್ಟಿದ, ನಿಮ್ಮ ಮಗಳ ವಯಸ್ಸಿನ ಮಕ್ಕಳಿಗೆ 11 ರೋಗಗಳ ಲಸಿಕೆ ಕಡ್ಡಾಯ, ಅದರಲ್ಲಿ ಮೆದುಳು ಪೊರೆಯ ಉರಿಯೂತ ತರುವ ಮೆನಿಂಗೊಕಾಕಸ್ ಸಿ ನಮ್ಮ ಸರ್ಕಾರಿ ಪಟ್ಟಿಯಲ್ಲಿಲ್ಲ. ಕ್ಯಾಂಟೀನಿನಲ್ಲಿ ವಾರಕ್ಕೆ ಒಂದು ಸಸ್ಯಾಹಾರಿ ಊಟ ಕೊಡಲೇಬೇಕು, ಆದರೆ ಅವರ ಸಸ್ಯಾಹಾರದಲ್ಲಿ ಮೊಟ್ಟೆ ಬರುತ್ತದೆ. ಮನೆಯಿಂದ ಡಬ್ಬಿ ತರಲು ಸಾಮಾನ್ಯವಾಗಿ ವೈದ್ಯಕೀಯ ಕಾರಣವೇ ಬೇಕು. ಮೊಟ್ಟೆಯೂ ತಿನ್ನದ ಮಗುವಾದರೆ ಮಧ್ಯಾಹ್ನ ಮನೆಗೆ ಕರೆತನ್ನಿ. ಬಿಡುವು ಕನಿಷ್ಠ ಒಂದೂವರೆ ಗಂಟೆ ಇರುತ್ತದೆ. ಮನೆ ಮಾಡುವಾಗ ಶಾಲೆಗೆ ನಡೆಯುವ ದೂರದಲ್ಲಿ ನೋಡಿ.

ಮುಷ್ಕರ ನಿಜ. 1936ರಲ್ಲಿ ಕಾರ್ಖಾನೆಗಳಲ್ಲೇ ಕೂತು ಹೋರಾಡಿದವರಿಗೆ 2 ವಾರ ಸಂಬಳದ ರಜೆ ಸಿಕ್ಕಿತು. 1982ರ ಹೊತ್ತಿಗೆ ಅದು 5 ವಾರವಾಯಿತು. ನಿಮ್ಮ ರಜೆಯೂ ಅಲ್ಲಿಂದಲೇ ಬಂದದ್ದು, ಹಾಗಾಗಿ ಆಫೀಸಿನಲ್ಲಿ ಮುಷ್ಕರದವರನ್ನು ಬೈಯುವ ಮುಂಚೆ ಸ್ವಲ್ಪ ತಡೆಯಿರಿ. 2007ರ ಕಾನೂನಿನ ಪ್ರಕಾರ ರೈಲು, ಮೆಟ್ರೊ ನೌಕರರು 48 ಗಂಟೆ ಮುಂಚೆ ತಿಳಿಸಬೇಕು. ಯಾವ ಗಾಡಿ ಓಡುತ್ತದೆ ಎಂಬುದು ಹಿಂದಿನ ಸಂಜೆಯೇ ಆ್ಯಪಿನಲ್ಲಿ ಬರುತ್ತದೆ. ವಿಮಾನ ಹಿಡಿಯುವುದಿದ್ದರೆ ಆಗಲೇ ನೋಡಿ.

ಕೌಂಟರಾಗಲಿ, ಬ್ರೆಡ್ಡಿನ ಅಂಗಡಿಯಾಗಲಿ, ಪ್ರಶ್ನೆಗೆ ಮೊದಲು 'ಬೊಂಜೂರ್ ಮದಾಮ್' (ನಮಸ್ಕಾರ, ಅಮ್ಮ) ಬರಲಿ. ನೇರ ವಿಷಯಕ್ಕಿಳಿದರೆ ಒರಟು ಎನಿಸಿಕೊಳ್ಳುವವರು ನೀವೇ. 'ವೂ' ನಮ್ಮ 'ನೀವು'. ಅವರಾಗಿ 'ತು'ಗೆ ಇಳಿಯುವವರೆಗೆ ಅದನ್ನೇ ಹಿಡಿದಿರಿ.