"ಯಾಕೆ ಆಗಿಲ್ಲ" ಅಂತ ಕೇಳಬೇಡಿ, "ಕಾಗದ ಎಲ್ಲಿದೆ" ಅಂತ ಕೇಳಿ

ಪ್ರಶ್ನೆ: ಪುಣೆಯಲ್ಲಿ ಸಾವಿರಾರು ಜನ ಕೆಲಸ ಮಾಡುವ ಸಂಸ್ಥೆಯೊಂದನ್ನ ಸೇರಿ 2 ವರ್ಷ ಆಯ್ತು. ತಪ್ಪುಗಳು ಕಣ್ಣಿಗೆ ಕಾಣುತ್ತವೆ, ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲ್ಲ. ನಾನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅನ್ನಿಸುತ್ತೆ. ಇದರಿಂದ ಹೊರಗೆ ಬರೋದು ಹೇಗೆ?

ಉತ್ತರ:

ನಾನು ಮುಂಬೈನ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆಯ ಕಚೇರಿಯಲ್ಲಿ ಗುಮಾಸ್ತ. ಯಾವ ಆಸ್ಪತ್ರೆ ಅಂತ ಹೇಳಲ್ಲ, ಇನ್ನೂ ಅಲ್ಲೇ ಅನ್ನ ತಿನ್ನುತ್ತಿದ್ದೇನೆ. ನಿಮ್ಮ ಸಂಸ್ಥೆ ಬದಲಾಗುತ್ತೆ ಅಂತ ಭರವಸೆ ಕೊಡಲಾರೆ. ನನ್ನದೇನೂ ಬದಲಾಗಿಲ್ಲ. ಆದರೆ ನೀವು ಹೇಳುವ ಆ ಸಂಕಟ ನನಗೆ ಈಗಿಲ್ಲ. ಅದು ಹೋಗಿದ್ದು ಹೇಗೆ ಅಂತ ಮಾತ್ರ ಹೇಳಬಲ್ಲೆ.

ನಮ್ಮೂರು ಅಕ್ಕಲಕೋಟೆ ಕಡೆ. ಓದಿದ್ದು ಕನ್ನಡ ಶಾಲೆಯಲ್ಲಿ. ಆ ಭಾಗ ಮಹಾರಾಷ್ಟ್ರದಲ್ಲೇ ಇದ್ದರೂ ಕನ್ನಡ ಶಾಲೆಗಳು ಇವತ್ತಿಗೂ ಇವೆ, ಗೊತ್ತಿಲ್ಲದವರಿಗೆ ಹೇಳಿದೆ ಅಷ್ಟೆ. ಬಾಯಿಮಾತಿನ ಮರಾಠಿ ಚೆನ್ನಾಗೇ ಬರುತ್ತಿತ್ತು. ಆದರೆ ಆಫೀಸಿನ ಮರಾಠಿಯೇ ಬೇರೆ. "ಉಪರೋಕ್ತ ವಿಷಯಾನ್ವಯೇ" ಅಂತ ಶುರುವಾದ ವಾಕ್ಯ ಅರ್ಧ ಪುಟ ಓಡಿ, ಕೊನೆಗೆ ಏನು ಹೇಳಿತು ಅಂತಲೇ ತಿಳಿಯುತ್ತಿರಲಿಲ್ಲ. ನಾನು ಬರೆದ ಟಿಪ್ಪಣಿ ನೋಡಿ ಪಕ್ಕದ ಟೇಬಲಿನವರು ನಗುತ್ತಿದ್ದರು. ಮೊದಲ ವರ್ಷ ಡೊಂಬಿವಲಿಯ ರೂಮಿಗೆ ವಾಪಸ್ ಹೋಗುವಾಗ ಲೋಕಲ್‌ನಲ್ಲಿ ನಿಂತುಕೊಂಡು ದಿನಾ ಒಂದೇ ಯೋಚನೆ ಮಾಡುತ್ತಿದ್ದೆ: ನಾಳೆ ನಾನು ಬರದಿದ್ದರೆ ಯಾರಿಗಾದರೂ ಗೊತ್ತಾಗುತ್ತಾ?

ಆಗ ಒಬ್ಬ ಮಾವಶಿ ನನ್ನ ಟೇಬಲಿಗೆ ಬರುತ್ತಿದ್ದಳು. ಮುಂಬೈ ಆಸ್ಪತ್ರೆಗಳಲ್ಲಿ ಆಯಾಗಳನ್ನ ಎಲ್ಲರೂ ಮಾವಶಿ ಅಂತಲೇ ಕರೆಯೋದು, ವಾರ್ಡ್ ಬಾಯ್‌ಗಳು ಮಾಮಾ. ಅವಳು ರಿಟೈರ್ ಆಗಿ 14 ತಿಂಗಳಾಗಿತ್ತು, ಪಿಂಚಣಿ ಶುರುವಾಗಿರಲಿಲ್ಲ. ಸೇವಾ ಪುಸ್ತಕದಲ್ಲಿ ತವರಿನ ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಗಂಡನ ಮನೆಯ ಹೆಸರು. ಇಷ್ಟೇ ತೊಂದರೆ. ಪ್ರತಿ ಮಂಗಳವಾರ ಕಲ್ಯಾಣದಿಂದ ಬರುತ್ತಿದ್ದಳು. ಕೂತ್ಕೋ ಅಂದರೂ ಕೂರುತ್ತಿರಲಿಲ್ಲ. 30 ವರ್ಷ ವಾರ್ಡಿನಲ್ಲಿ ನಿಂತೇ ಕೆಲಸ ಮಾಡಿದವಳು, ಆಫೀಸಿನ ಕುರ್ಚಿ ಕಂಡರೆ ಅವಳಿಗೆ ಭಯ. ಪ್ಲಾಸ್ಟಿಕ್ ಚೀಲದಿಂದ ಪಾಸ್‌ಬುಕ್ ತೆಗೆದು, ಕೊನೆಯ ಎಂಟ್ರಿ ಇದ್ದ ಪುಟ ತೋರಿಸುತ್ತಿದ್ದಳು. ನಾನು "ಮುಂದಿನ ವಾರ ನೋಡೋಣ ಮಾವಶಿ" ಅನ್ನುತ್ತಿದ್ದೆ. ಮುಂದಿನ ವಾರ ಏನಾಗುತ್ತೆ ಅಂತ ನನಗೇ ಗೊತ್ತಿರಲಿಲ್ಲ.

ಕೈಲಿ ಏನೂ ಆಗಲ್ಲ ಅನ್ನೋದು ನಮಗೆ ನಾವೇ ಅಂದುಕೊಂಡಾಗ ಅಷ್ಟು ಚುಚ್ಚಲ್ಲ. ನಮ್ಮನ್ನೇ "ಸಾಹೇಬ್" ಅಂತ ನಂಬಿ ಒಬ್ಬರು ಎದುರು ನಿಂತಾಗ ಚುಚ್ಚುತ್ತೆ. ಒಂದು ಮಂಗಳವಾರ ಅವಳು ಹೋದ ಮೇಲೆ ರಾಜೀನಾಮೆ ಬರೆಯೋಕೆ ಕೂತೆ. ಅದನ್ನೂ ಮರಾಠಿಯಲ್ಲಿ ಸರಿಯಾಗಿ ಬರೆಯೋಕೆ ಆಗಲಿಲ್ಲ ಅನ್ನೋದು ಬೇರೆ ಮಾತು.

ನಮ್ಮ ಹೆಡ್ ಕ್ಲಾರ್ಕ್ ಒಬ್ಬ ಹೆಂಗಸು, ಮರಾಠಿಯ ರೂಢಿಯಂತೆ ಅವರನ್ನ ಎಲ್ಲರೂ ಗೌರವದಿಂದ "ಬಾಯಿ" ಅನ್ನುತ್ತಿದ್ದೆವು. ಅವರು ಡಬ್ಬಿಯ ಊಟ ಮಾಡುತ್ತಾ ನೋಡುತ್ತಿದ್ದರು. ನಾನು ಎದ್ದು ಹೋಗಿ ಗೋಳು ಹೇಳಿಕೊಂಡೆ. ಎಲ್ಲರನ್ನೂ ಕೇಳಿದೆ, ಯಾಕೆ ಆಗಿಲ್ಲ ಅಂತ ಯಾರೂ ಹೇಳ್ತಿಲ್ಲ ಅಂದೆ. ಅವರು ಭಾಕ್ರಿ ಮುರಿಯುತ್ತಾ ಹೇಳಿದರು: "ಅರೇ ಬಾಳಾ, ಯಾಕೆ ಅಂತ ಯಾಕೆ ಕೇಳ್ತೀಯಾ? ಯಾಕೆ ಅಂದ್ರೆ ಎಲ್ಲರ ಹತ್ರಾನೂ ಉತ್ತರ ಇರುತ್ತೆ. ಕಾಗದ್ ಕುಠೇ ಆಹೇ, ತೇ ವಿಚಾರ್." ಕಾಗದ ಎಲ್ಲಿದೆ, ಅದನ್ನ ಕೇಳು.

ಮರುದಿನ ಆವಕ-ಜಾವಕ ರಿಜಿಸ್ಟರ್ ಹಿಡಿದು ಕೂತೆ. ಯಾವ ಕಾಗದ ಯಾವ ದಿನ ಬಂತು, ಯಾವ ಟೇಬಲಿಗೆ ಹೋಯ್ತು ಅಂತ ನಂಬರ್ ಹಾಕಿ ಬರೆಯುವ ದಪ್ಪ ಪುಸ್ತಕ ಅದು. ಮಾವಶಿಯ ಕಾಗದ 4 ಟೇಬಲ್ ದಾಟಿತ್ತು. ಐದನೆಯದಕ್ಕೆ ಹೋಗಿತ್ತು, ಅಲ್ಲಿಂದ ಹೊರಗೆ ಬಂದಿರಲಿಲ್ಲ. ಆ ಟೇಬಲಿನ ಗುಮಾಸ್ತನಿಗೆ ಠಾಣೆಗೆ ವರ್ಗವಾಗಿ ವರ್ಷವಾಗಿತ್ತು. ಅವನ ಕಪಾಟು ಹಾಗೇ ಬೀಗ ಹಾಕಿಕೊಂಡು ನಿಂತಿತ್ತು. ಬೀಗದ ಕೈ ಅವನ ಜೊತೆಗೇ ಹೋಗಿತ್ತು. ಫೋನ್ ಮಾಡಿದರೆ ಮನೆ ಬದಲಾಯಿಸುವಾಗ ಎಲ್ಲೋ ಬಿದ್ದುಹೋಯ್ತು ಅಂದ.

ಮೇಲಿನವರು ಮನಸ್ಸು ಮಾಡ್ತಿಲ್ಲ, ವ್ಯವಸ್ಥೆಯೇ ಹೀಗೆ ಅಂತ ತಿಂಗಳುಗಟ್ಟಲೆ ಒದ್ದಾಡಿದ್ದೆ. ನೋಡಿದರೆ ಒಂದು ಬೀಗದ ಕೈ.

ಕಪಾಟು ಒಡೆಯೋಕೂ ಒಂದು ಅರ್ಜಿ ಬೇಕಿತ್ತು. ಬಾಯಿ ಬರೆಸಿದರು, ನಾನೇ ಕೈಯಲ್ಲಿ ಹಿಡಿದು ಸಹಿ ಹಾಕಿಸಿಕೊಂಡು ಬಂದೆ. ಇಬ್ಬರು ಸಾಕ್ಷಿ ಇಟ್ಟುಕೊಂಡು, ಬಡಗಿಯನ್ನ ಕರೆಸಿ ಒಡೆಸಿದೆವು. ಒಳಗೆ ಮಾವಶಿಯದೂ ಸೇರಿ 43 ಫೈಲು. ಒಂದರ ಮೇಲೆ ಅರ್ಧ ತಿಂದ ಪಾರ್ಲೆ ಬಿಸ್ಕತ್ ಪೊಟ್ಟಣ. ಇರುವೆಗಳೂ ಬಿಟ್ಟು ಹೋಗಿದ್ದವು. ಹೆಸರಿನ ಪತ್ರ ಸರಿ ಮಾಡಿಸಿ, ಸೇವಾ ಪುಸ್ತಕ ವೇತನ ಪಡತಾಳಣಿಗೆ (ಸಂಬಳದ ಲೆಕ್ಕ ಸರಿ ಇದೆಯಾ ಅಂತ ನೋಡುವ ಕಡೆ) ಹೋಗಿ ಬಂದು, ಅಲ್ಲಿಂದ ಪಿಂಚಣಿ ಮಂಜೂರು ಮಾಡುವ ಏಜಿ ಆಫೀಸು, ಅಂದರೆ ಅಕೌಂಟೆಂಟ್ ಜನರಲ್ ಕಚೇರಿ ದಾಟೋಕೆ ಇನ್ನೂ 5 ತಿಂಗಳು ಹಿಡಿಯಿತು. ಆದರೆ ಆ 5 ತಿಂಗಳಲ್ಲಿ ನಾನು ಮಾವಶಿಗೆ "ಮುಂದಿನ ವಾರ" ಅನ್ನಲಿಲ್ಲ. ಕಾಗದ ಇಂಥ ಕಡೆ ಇದೆ, ಇನ್ನು ಇಷ್ಟು ಟೇಬಲ್ ಇದೆ, ನೀನು ಬರಬೇಡ, ನಾನೇ ಫೋನ್ ಮಾಡ್ತೀನಿ ಅಂದೆ. ಅವಳು ಅವತ್ತು ಮೊದಲ ಸಲ ಕುರ್ಚಿಯಲ್ಲಿ ಕೂತಳು.

ಎಲ್ಲವೂ ಹೀಗೆ ಗೆದ್ದೆ ಅಂದುಕೊಳ್ಳಬೇಡಿ. ಈ ಹುರುಪಿನಲ್ಲಿ ಒಂದು ಖರೀದಿ ಬಿಲ್ಲಿನ ಬಗ್ಗೆ ಜಾಸ್ತಿ ಪ್ರಶ್ನೆ ಕೇಳಿದೆ. ನನ್ನನ್ನ ಎತ್ತಿ ರೆಕಾರ್ಡ್ ರೂಮಿಗೆ ಹಾಕಿದರು. ನೆಲಮಾಳಿಗೆ, ಒಂದು ಟ್ಯೂಬ್‌ಲೈಟು, ಹಳೇ ಕೇಸ್ ಪೇಪರಿನ ವಾಸನೆ. ಆ ಬಿಲ್ಲು ಪಾಸಾಯ್ತು. ಅದರಲ್ಲಿ ನಾನು ಸೋತೆ, ಪೂರ್ತಿ ಸೋತೆ.

ರೆಕಾರ್ಡ್ ರೂಮಿನಲ್ಲಿ ಕೆಳಗಿನ ರ‍್ಯಾಕುಗಳು ನೆಲಕ್ಕೆ ಅಂಟಿಕೊಂಡಿದ್ದವು. ಮಳೆಗಾಲಕ್ಕೆ ಮೊದಲು ಇವನ್ನ ಮೇಲೆ ಎತ್ತಿಡಬೇಕು, ಇಬ್ಬರು ಮಾಮಾಗಳನ್ನ ಕೊಡಿ ಅಂತ ಮೂರು ಸಲ ಬಾಯಲ್ಲಿ ಹೇಳಿದೆ. "ಬಘೂಯಾ" ಅಂದರು, ಅಂದರೆ ನೋಡೋಣ. ನಾಲ್ಕನೇ ಸಲ ಹೇಳೋಕೆ ಹೋಗಲಿಲ್ಲ. ನಾಲ್ಕು ಸಾಲಿನ ಪತ್ರ ಬರೆದೆ, ಆವಕದಲ್ಲಿ ನಂಬರ್ ಹಾಕಿಸಿದೆ, ನನ್ನ ಪ್ರತಿಗೆ ಸಿಕ್ಕೆ, ಅಂದರೆ ಆಫೀಸಿನ ಮೊಹರು, ಹೊಡೆಸಿಕೊಂಡೆ. ಅದು 2005ರ ಮೇ ತಿಂಗಳು. ಆ ವರ್ಷ ಜುಲೈ 26ಕ್ಕೆ ಏನಾಯ್ತು ಅಂತ ಮುಂಬೈನಲ್ಲಿದ್ದವರಿಗೆ ಹೇಳಬೇಕಾಗಿಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ನಮ್ಮ ರೆಕಾರ್ಡ್ ರೂಮಿನಲ್ಲಿ ಸೊಂಟದವರೆಗೆ ನೀರು. ಆಮೇಲೆ ಎಷ್ಟೋ ದಿನ ಹಗ್ಗ ಕಟ್ಟಿ, ಒದ್ದೆ ಫೈಲುಗಳನ್ನ ಬಟ್ಟೆ ಥರ ಒಣಹಾಕಿದೆ. ಹಾಳಾಗಿದ್ದಕ್ಕೆ ಯಾರು ಹೊಣೆ ಅಂತ ವಿಚಾರಣೆ ಬಂದಾಗ ಎಲ್ಲರ ಬೆರಳೂ ನನ್ನ ಕಡೆ. ನಾನು ಏನೂ ವಾದ ಮಾಡಲಿಲ್ಲ. ಸಿಕ್ಕೆ ಇದ್ದ ಪ್ರತಿ ಮುಂದಿಟ್ಟೆ. ವಿಚಾರಣೆ ಅಲ್ಲಿಗೇ ತಣ್ಣಗಾಯ್ತು.

ಫೈಲುಗಳು ಉಳಿಯಲಿಲ್ಲ, ನಾನು ಉಳಿದೆ. ಅದನ್ನ ಗೆಲುವು ಅಂತೀರೋ ಏನಂತೀರೋ ನನಗೆ ಇವತ್ತಿಗೂ ಸ್ಪಷ್ಟವಿಲ್ಲ. ಆದರೆ ಬಾಯಲ್ಲಿ ಹೇಳಿದ ಮೂರು ಸಲವೂ ಲೆಕ್ಕಕ್ಕೆ ಬರಲಿಲ್ಲ, ಬರೆದ ಒಂದು ಸಲ ಬಂತು. ನೀವು "ಹೇಳಿದರೆ ಕಿವಿಗೆ ಹಾಕಿಕೊಳ್ಳಲ್ಲ" ಅಂದಿದ್ದೀರಲ್ಲ, ಹೇಳಿದ್ದು ಬಾಯಲ್ಲೋ ಬರಹದಲ್ಲೋ? ಬರೆಯುವಾಗಲೂ ಸಿಟ್ಟು ಬೇಡ. ಏನು ಕಂಡಿತು, ಏನು ಬೇಕು, ಯಾವ ದಿನದೊಳಗೆ ಬೇಕು. ನಾಲ್ಕು ಸಾಲು ಸಾಕು.

ನಿಮ್ಮದು ಸರ್ಕಾರಿ ಸಂಸ್ಥೆಯೋ ಖಾಸಗಿಯೋ ಹೇಳಿಲ್ಲ. ಖಾಸಗಿ ಆದರೆ ಈ ಮೇಲ್, ತಾರೀಖು, ನೆನಪಿನ ಇನ್ನೊಂದು ಮೇಲ್, ಇಷ್ಟೇ ನಿಮ್ಮ ಆವಕ-ಜಾವಕ. ಸರ್ಕಾರಿ ಆದರೆ ಇನ್ನೂ ಎರಡು ಆಸರೆ ಇವೆ. ಒಂದು, ಮಾಹಿತಿ ಹಕ್ಕು ಕಾಯ್ದೆ. 2005ರ ಅಕ್ಟೋಬರ್ 12ರಿಂದ ಜಾರಿಯಲ್ಲಿದೆ. 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿ ಅರ್ಜಿ ಕೊಟ್ಟರೆ 30 ದಿನದಲ್ಲಿ ಉತ್ತರ ಕೊಡಬೇಕು. ಯಾಕೆ ಬೇಕು ಅಂತ ಕಾರಣ ಹೇಳಬೇಕಾಗಿಲ್ಲ. ಒಳಗಿನ ನೌಕರರೂ ಹಾಕಬಹುದು. ಅದರಲ್ಲೂ ಹೆಡ್ ಕ್ಲಾರ್ಕ್ ಬಾಯಿಯ ಮಾತೇ ನಡೆಯುತ್ತೆ. "ಯಾಕೆ ವಿಳಂಬ" ಅಂತ ಕೇಳಿದರೆ ಜಾರಿಕೊಳ್ಳುತ್ತಾರೆ. "ನನ್ನ ಅರ್ಜಿ ಯಾವ ದಿನದಿಂದ ಯಾವ ದಿನದವರೆಗೆ ಯಾರ ಹತ್ತಿರ ಇತ್ತು, ದಾಖಲೆಯ ಪ್ರತಿ ಕೊಡಿ" ಅಂತ ಕೇಳಿ. ಇನ್ನೊಂದು ಮಹಾರಾಷ್ಟ್ರದ್ದೇ ಕಾನೂನು, ವರ್ಗಾವಣೆ ಮತ್ತು ವಿಳಂಬ ತಡೆಯ ಬಗ್ಗೆ ಇರುವ 2005ರ ಕಾಯ್ದೆ. ಅದರ ಪ್ರಕಾರ ಮಾಮೂಲಿ ಫೈಲು ಒಬ್ಬ ಸರ್ಕಾರಿ ನೌಕರನ ಹತ್ತಿರ 7 ಕೆಲಸದ ದಿನಕ್ಕಿಂತ ಹೆಚ್ಚು ಕೂರಬಾರದು. ನಮ್ಮಲ್ಲೇ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ, ಗೊತ್ತಿದ್ದವರು ಹೇಳಲ್ಲ.

ಎಲ್ಲ ತಪ್ಪಿನ ಹಿಂದೆಯೂ ಓಡಬೇಡಿ, ಸುಮ್ನೆ ಸುಸ್ತಾಗುತ್ತೀರಿ. ನಾನು ಒಂದು ಸಲಕ್ಕೆ ಒಂದೇ ಕಾಗದ ಹಿಡಿಯೋದು. ಮತ್ತೆ, ಆಫೀಸಿನ ಹೊರಗೆ ನಾಲ್ಕು ಜನ ಇರಲಿ. ನನಗೆ ಡೊಂಬಿವಲಿ ಲೋಕಲ್‌ನ ಸಂಗಡಿಗರಿದ್ದರು, ಒಬ್ಬ ಹೋಟೆಲ್ ಗಲ್ಲಾದವನು, ಒಬ್ಬ ಎಲ್‌ಐಸಿಯವನು. ನನ್ನ ಕಪಾಟಿನ ಕಥೆ ಕೇಳಿ ಘಾಟಕೋಪರ್‌ವರೆಗೆ ನಕ್ಕಿದ್ದರು. ನಾನೂ ಅವತ್ತೇ ಮೊದಲು ಅದಕ್ಕೆ ನಕ್ಕಿದ್ದು.

ಈಗ ನಾನೇ ಹೆಡ್ ಕ್ಲಾರ್ಕ್. ಹೋದ ತಿಂಗಳು ಹೊಸದಾಗಿ ಸೇರಿದ ನರ್ಸ್ ಒಬ್ಬಳು ಬಂದಳು, ಬೀದರ್ ಕಡೆಯ ಹುಡುಗಿ. ರಜೆ ಅರ್ಜಿ ಕೊಟ್ಟು ಬಹಳ ದಿನ ಆಯ್ತು ಸರ್ ಅಂದಳು. ಕೆಲಸ ಜಾಸ್ತಿ ಇದೆಯಮ್ಮ, ಸಾಹೇಬರು ಮೀಟಿಂಗಿನಲ್ಲಿದ್ದಾರೆ ಅಂತ ಶುರು ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಕಾಗದ ಈಗ ಎಲ್ಲಿದೆ ಸರ್?" ಅಂದಳು. ಹುಡುಕಿದೆವು. ನನ್ನ ಊಟದ ಡಬ್ಬಿಯ ಕೆಳಗಿತ್ತು. ಬಂದು 11 ದಿನ ಆಗಿತ್ತು.