ಖಾಸಿ ಜನಪದ ಕಥೆಗಳನ್ನು ಮಾತಿಲ್ಲದೆ, ದೇಹದಿಂದಲೇ ಇವತ್ತಿನ ರಂಗದ ಮೇಲೆ ಹೇಳಬಹುದಾ?

ಖಂಡಿತ ಹೇಳಬಹುದು. ಮೇಘಾಲಯದ ಖಾಸಿ ಭಾಷೆಗೆ ರೋಮನ್ ಲಿಪಿ ಬಂದದ್ದು 1840ರ ದಶಕದಲ್ಲಿ. ಅದಕ್ಕೂ ಮೊದಲು ಈ ಕಥೆಗಳು ಬಾಯಿಂದ ಬಾಯಿಗೆ ಬಂದವು.

ಕಾ ಲಿಕಾಯ್ ಕಥೆಯನ್ನೇ ನೋಡಿ. ಲಿಕಾಯ್ ಎಂಬ ಹೆಂಗಸು ಗಂಡ ಸತ್ತ ಮೇಲೆ ಕೂಲಿ ಮಾಡಿ ಮಗು ಸಾಕುತ್ತಾಳೆ, ಮತ್ತೆ ಮದುವೆಯಾಗುತ್ತಾಳೆ. ಮಗುವಿನ ಮೇಲಿನ ಹೊಟ್ಟೆಕಿಚ್ಚಿಗೆ ಎರಡನೇ ಗಂಡ ಅದನ್ನು ಕೊಂದು ಅಡುಗೆ ಮಾಡಿಡುತ್ತಾನೆ. ದಣಿದು ಬಂದವಳು ಗೊತ್ತಿಲ್ಲದೆ ಉಣ್ಣುತ್ತಾಳೆ. ಊಟವಾದ ಮೇಲೆ ಅಡಿಕೆ ಬುಟ್ಟಿಗೆ ಕೈ ಹಾಕಿದರೆ ಪುಟ್ಟ ಬೆರಳುಗಳು! ಓಡಿಹೋಗಿ ಬೆಟ್ಟದಂಚಿನಿಂದ ಹಾರುತ್ತಾಳೆ. ಸೊಹ್ರಾ (ಚಿರಾಪುಂಜಿ) ಹತ್ತಿರದ ನೊಹ್‌ಕಾಲಿಕಾಯ್ ಜಲಪಾತಕ್ಕೆ ಅವಳದೇ ಹೆಸರು.

ಇಲ್ಲಿ ಮಾತು ಯಾಕೆ ಬೇಕು ಹೇಳಿ? ಬುಟ್ಟಿಯಲ್ಲಿ ತಡಕಾಡುವ ಕೈ ಥಟ್ಟನೆ ನಿಂತರೆ ಸಾಕು, ನೋಡುವವರ ಎದೆ ಝಲ್ಲೆನ್ನುತ್ತದೆ. ಕೊನೆಯ ಓಟವನ್ನು ನಿಂತಲ್ಲೇ, ಬರೀ ಉಸಿರಿನಲ್ಲಿ ಕಟ್ಟಬಹುದು. ಉಳಿದ ನಟರೇ ಬಂಡೆ, ಗಾಳಿ, ನೀರು.

ಆದರೆ ಸುಮ್ನೆ ಬೆಚ್ಚಿಬೀಳಿಸಲು ಈ ಕಥೆ ಆಡಬಾರದು. ನನಗೆ ಜಾಸ್ತಿ ಕಾಡುವುದು ಅವಳ ದುಡಿಮೆ. ಹಣೆಗೆ ಪಟ್ಟಿ ಕೊಟ್ಟು ಬೆನ್ನ ಮೇಲೆ ಬುಟ್ಟಿ ಹೊರುವ ನಡಿಗೆ ಆ ಬೆಟ್ಟಗಳಲ್ಲಿ ಈಗಲೂ ಇದೆ. ನಾಟಕ ಆ ಬಾಗಿದ ಬೆನ್ನಿನಿಂದ ಶುರುವಾಗಲಿ. ಆ ನಡಿಗೆಯನ್ನು ಖಾಸಿ ಕಲಾವಿದರಿಂದಲೇ ಕಲಿಯಿರಿ.